ಹೆಗಲ ಹೊಲಿಗೆ

ಮಾರ್ಚ್ 4, ಮಂಗಳವಾರ

ಇದು ನನ್ನ ಟೈಲರ್ ಅಂಗಡಿಯ ಅಳತೆ ಪುಸ್ತಕ. ಮುಂದಿನ ಪುಟಗಳ ತುಂಬ ಊರಿನವರ ಎದೆ, ಸೊಂಟ, ತೋಳು. ಹಿಂದಿನ ಪುಟಗಳು ಖಾಲಿ ಇದ್ದವು. ಇನ್ನು ಹತ್ತು ದಿನ ನನ್ನ ಸಂಕಟವನ್ನೆಲ್ಲ ಇಲ್ಲೇ ಬರೆದುಕೊಳ್ಳುತ್ತೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣ ಎಂದರೆ ಈ ಹಡಗಿನಲ್ಲಿ ನನಗೆ ಗೊತ್ತಿರುವವಳು ಒಬ್ಬಳೇ, ಆಕೆಯೇ ಸಂಕಟ.

ಆಕೆ ಎಂದರೆ ನನ್ನ ಬೀಗಿತ್ತಿ, ಸೊಸೆಯ ತಾಯಿ. ಮಗ ಮತ್ತು ಸೊಸೆ ಮದುವೆಯ ಐದನೇ ವರ್ಷಕ್ಕೆಂದು ಈ ಪ್ರವಾಸ ಗೊತ್ತುಮಾಡಿಕೊಂಡಿದ್ದರು. ಸಮುದ್ರದ ನಡುವೆ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳು, ದಿನಾ ಒಂದು ದ್ವೀಪಕ್ಕೆ ಇಳಿದು ನಡೆಯುವುದು, ಪ್ರಾಣಿ ಪಕ್ಷಿ ನೋಡುವುದು. ಐದು ತಿಂಗಳ ಹಿಂದೆ ಸೊಸೆ ಒಂದು ಪೆಟ್ಟಿಗೆ ಹಿಡಿದುಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಟಿಕೆಟ್ ರದ್ದು ಮಾಡುವ ಹಾಗಿಲ್ಲ, ಹೆಸರು ಬದಲಾಯಿಸಬಹುದಂತೆ. ಅವಳು ತನ್ನದನ್ನು ತಾಯಿಗೆ ಕೊಟ್ಟಳು. ಅದು ಕಿವಿಗೆ ಬಿದ್ದ ದಿನವೇ ಮಗ ತನ್ನದನ್ನು ನನಗೆ ಕೊಟ್ಟ.

"ಅತ್ತೆ ನಿನ್ನ ಮಾತು ತೆಗೆದುಹಾಕಲ್ಲಮ್ಮ. ಹತ್ತು ದಿನ ಒಂದೇ ಕೋಣೇಲಿ ಇರ್ತೀರ. ಹೇಗಾದ್ರೂ ಮಾಡಿ ಅವಳನ್ನ ವಾಪಸ್ ಕಳಿಸೋ ಹಾಗೆ ಮಾಡು" ಅಂದ.

ಹದಿನಾರನೇ ತಾರೀಕು ಭಾನುವಾರ ಎರಡೂ ಕಡೆಯವರು ಕೂತು ಮಾತಾಡುವುದೆಂದು ತೀರ್ಮಾನವಾಗಿದೆ. ಅಷ್ಟರಲ್ಲಿ ಆಕೆಯ ಬಾಯಿಂದ ಹೂಂ ಅನ್ನಿಸಬೇಕು. ಅವನಿಗೆ ನಾಲ್ಕು ವರ್ಷವಿದ್ದಾಗ ಅವನ ಅಪ್ಪ ಹೋದರು. ಅಲ್ಲಿಂದ ಅವನು ಕೇಳಿದ್ದಕ್ಕೆ ನಾನು ಇಲ್ಲ ಅಂದದ್ದು ನೆನಪಿಲ್ಲ.

ಬೀಗಿತ್ತಿ ಮೂವತ್ತನಾಲ್ಕು ವರ್ಷ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತವಳು. ಈಗಲೂ ಕಿಂಡಿಯ ಆ ಕಡೆಯಿಂದಲೇ ಮಾತಾಡುತ್ತಾಳೆ. ನಾನು ಕೋಣೆಗೆ ಬರುವಷ್ಟರಲ್ಲಿ ಕೆಳಗಿನ ಹಾಸಿಗೆ ಹಿಡಿದಾಗಿತ್ತು. ನನ್ನ ಮೊಣಕಾಲಿನ ಕಥೆ ಗೊತ್ತಿದ್ದೂ, "ಮೊದಲು ಬಂದವರಿಗೆ ಮೊದಲು" ಅಂದಳು. ಏಣಿ ಹತ್ತಿ ಮಲಗಿದೆ.

ಆಕೆ ಹಾಕಿಕೊಂಡಿರುವುದು ಮಗಳ ಹಳದಿ ಜಾಕೆಟ್, ನಾನು ಮಗನ ನೀಲಿಯದು. ಗಂಡ ಹೆಂಡತಿ ಒಂದೇ ಅಂಗಡಿಯಲ್ಲಿ ಜೋಡಿಯಾಗಿ ತಂದದ್ದು. ಹಳದಿಯದರ ಬಲ ಹೆಗಲಿನಲ್ಲಿ ನನ್ನ ಹೊಲಿಗೆ ಇದೆ. ಹೋದ ವರ್ಷ ಸೊಸೆ ಅದನ್ನು ನನ್ನ ಅಂಗಡಿಗೆ ತಂದಿದ್ದಳು. ಕಾರಿನ ಬಾಗಿಲಿಗೆ ಸಿಕ್ಕಿ ಹರಿಯಿತೆಂದು ಮಗ ಮುಂಚೆಯೇ ಫೋನ್ ಮಾಡಿ ಹೇಳಿದ್ದ. ಅವಳ ಆಫೀಸಿನ ಕೆಳಗೇ ಮೂರು ಟೈಲರ್ ಅಂಗಡಿಗಳಿವೆ. ಆದರೂ ಎರಡು ಬಸ್ಸು ಹಿಡಿದು ನನ್ನ ಹತ್ತಿರ ಬಂದಳು. ಕೆಲಸದ ಬೆಲೆ ಗೊತ್ತಿದ್ದ ಹುಡುಗಿ.

ಮಾರ್ಚ್ 5, ಬುಧವಾರ

ದ್ವೀಪಕ್ಕೆ ಇಳಿಯುವ ಮುಂಚೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತಪಾಸಣೆ. ಹೊರಗಿನ ಒಂದು ಬೀಜವೂ ಆ ಮಣ್ಣಿಗೆ ಬೀಳಬಾರದಂತೆ. ಬೂಟಿನ ಅಡಿಯನ್ನು ಬ್ರಷ್ಷಿನಿಂದ ತಿಕ್ಕಬೇಕು, ಜೇಬನ್ನು ಹೊರಗೆಳೆದು ತೋರಿಸಬೇಕು, ಜಾಕೆಟ್ ಒಳಮೈ ಹೊರಗೆ ಮಾಡಿ ಕೊಡಬೇಕು. ಈ ಕೆಲಸವೆಲ್ಲ ನಮ್ಮ ಗೈಡಿನದು. ಐವತ್ತರ ಹೆಂಗಸು, ಕೊರಳಲ್ಲಿ ಸದಾ ಒಂದು ಸೀಟಿ. ನಾನು ಸೀಟಿಯಮ್ಮ ಎಂದು ಹೆಸರಿಟ್ಟಿದ್ದೇನೆ. ನಡಿಗೆ ನೋಡಿದರೆ ಮೂವತ್ತರವಳು, ಮಾತು ನೋಡಿದರೆ ಹೆಡ್ ಮೇಡಂ.

ನನ್ನ ಜೇಬಿನಲ್ಲಿ ಸಿಕ್ಕಿದ್ದು ಸೀಮೆಸುಣ್ಣದ ಚೂರು, ದಾರದ ತುಂಡು, ಎರಡು ಗುಂಡಿ, ಸಣ್ಣ ಕತ್ತರಿ. "ಇದನ್ನ ನೆಟ್ಟರೆ ಏನೂ ಬೆಳೆಯಲ್ಲ ಬಿಡಿ" ಅಂದಳು ಬೀಗಿತ್ತಿ. ಸುತ್ತ ನಿಂತವರೆಲ್ಲ ನಕ್ಕರು. ನಾನು ನಗಲಿಲ್ಲ.

ಆಮೇಲೆ ಹಳದಿ ಜಾಕೆಟ್ಟಿನ ಸರದಿ. ಸೀಟಿಯಮ್ಮ ಒಳಗಿನ ಹೊಲಿಗೆಗಳ ಮೇಲೆಲ್ಲ ಬೆರಳಾಡಿಸಿ ಬಲ ಹೆಗಲಿನ ಹತ್ತಿರ ನಿಂತಳು. "ಯಾರು ಮಾಡಿದ್ದು ಇದು? ಹೊರಗಡೆಯಿಂದ ಹರಿದಿದ್ದೇ ಗೊತ್ತಾಗಲ್ವಲ್ಲ."

"ಇವ್ರೇ" ಎಂದು ಬೀಗಿತ್ತಿ ನನ್ನನ್ನು ತೋರಿಸಿದಳು. ಎಲ್ಲರೂ ನನ್ನ ಕಡೆ ನೋಡಿದರು. ಹೊಗಳಿದರೆ ಯಾರಿಗೆ ಬೇಡ. ಆದರೆ ಯಾಕೋ, ಹೌದು ಅನ್ನುವುದಕ್ಕೂ ಬಾಯಿ ಬರಲಿಲ್ಲ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು.

ಮಾರ್ಚ್ 6, ಗುರುವಾರ

ಇಲ್ಲಿನ ಹಕ್ಕಿಗಳಿಗೆ ಮನುಷ್ಯರ ಭಯವೇ ಇಲ್ಲ. ನೆಲದ ಮೇಲೆ ಗೂಡು, ದಾರಿಯ ಪಕ್ಕದಲ್ಲೇ ಮೊಟ್ಟೆ. ನಾವೇ ಆರು ಹೆಜ್ಜೆ ದೂರ ನಿಲ್ಲಬೇಕು. ಬಾತಿಗಿಂತ ದೊಡ್ಡ ಬಿಳಿ ಹಕ್ಕಿಗಳೆರಡು ಎದುರುಬದುರು ನಿಂತು ಕೊಕ್ಕಿಗೆ ಕೊಕ್ಕು ತಾಗಿಸಿ ಕಟಕಟ ಸದ್ದು ಮಾಡುತ್ತಿದ್ದವು. ಒಂದು ಸಮುದ್ರಕ್ಕೆ ಹೋಗಿ ತಿಂಗಳಾದರೂ ಇನ್ನೊಂದು ಗೂಡಿನಲ್ಲಿ ಕಾಯುತ್ತದಂತೆ.

ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕೀತೇ. "ನೋಡಿ, ಬಾಯಿಲ್ಲದ ಹಕ್ಕಿಗಳೇ ಜೋಡಿ ಬಿಡಲ್ಲ" ಅಂದೆ, ಬೀಗಿತ್ತಿಗೆ ಕೇಳಲಿ ಎಂದು.

ಕೇಳಿದ್ದು ಸೀಟಿಯಮ್ಮನಿಗೆ. "ಎಲ್ಲಾ ಹಾಗಿರಲ್ಲಮ್ಮ. ಒಂದೆರಡು ವರ್ಷ ಗೂಡು ಕೆಟ್ಟರೆ ಬೇರೆ ಜೋಡಿ ನೋಡ್ಕೊಳ್ತವೆ."

ಈಕೆಯನ್ನು ಯಾರು ಕೇಳಿದ್ದರು. ಬೀಗಿತ್ತಿ ಮುಖ ಆ ಕಡೆ ತಿರುಗಿಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕಾಣಲಿಲ್ಲ.

ಮಾರ್ಚ್ 7, ಶುಕ್ರವಾರ

ಮೊಣಕಾಲು ಊದಿದೆ. ಇಳಿಯಲಿಲ್ಲ. ಮಧ್ಯಾಹ್ನ ಡೆಕ್ಕಿನ ಮೇಲೆ ಕೂತು ಬಂದು ನೋಡಿದರೆ ನನ್ನ ಹಾಸಿಗೆ ಕೆಳಗೆ, ಬೀಗಿತ್ತಿಯದು ಮೇಲೆ. ಕೇಳಿದರೆ, "ಮೇಲೆ ಗಾಳಿ ಚೆನ್ನಾಗಿದೆ" ಅಂದರು. ಮೂರು ದಿನ ಮಲಗಿದವಳು ನಾನು, ಮೇಲೆ ಗಾಳಿಯೇ ಇಲ್ಲ.

ಮಾರ್ಚ್ 9, ಭಾನುವಾರ

ಇವತ್ತು ಒಂದು ಕಡಲಸಿಂಹ ನಮ್ಮನ್ನು ಒಂದೂಮುಕ್ಕಾಲು ಗಂಟೆ ಕೂರಿಸಿತು.

ಒಂದು ಕಡೆ ಕಪ್ಪು ಬಂಡೆಯ ಗೋಡೆ, ಇನ್ನೊಂದು ಕಡೆ ಸಮುದ್ರ, ನಡುವೆ ಇಬ್ಬರು ನಡೆಯುವಷ್ಟು ದಾರಿ. ಚುರುಕಿನವರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ಹಿಂದೆ ಉಳಿದವರು ಕಾಲು ಎಳೆಯುವ ನಾವಿಬ್ಬರೇ. ಅಷ್ಟರಲ್ಲಿ ಆ ಪ್ರಾಣಿ ನೀರಿನಿಂದ ಎದ್ದು ಬಂದು ದಾರಿಗೆ ಅಡ್ಡ ಮಲಗಿ ಗೊರಕೆ ಹೊಡೆಯತೊಡಗಿತು. ಆ ಕಡೆಯಿಂದ ಸೀಟಿಯಮ್ಮ ಕೂಗಿ ಹೇಳಿದಳು: "ಎಬ್ಬಿಸಬೇಡಿ. ಅದು ಏಳೋವರೆಗೂ ಅಲ್ಲೇ ಕೂತಿರಿ. ದಾರಿ ಅದರದ್ದು."

"ನನ್ನ ಕೌಂಟರ್ ಮುಂದೆ ಹೀಗೆ ಮಲಗಿದ್ರೆ, ನೆಕ್ಸ್ಟ್ ಅಂತ ಹಿಂದಿನವರನ್ನ ಕರೀತಿದ್ದೆ" ಅಂದರು ಬೀಗಿತ್ತಿ. ಈ ಸಲ ನನಗೂ ನಗು ಬಂತು. ಚೀಲದಿಂದ ಬ್ರೆಡ್ ತೆಗೆದು ಅರ್ಧ ನನಗೆ ಕೊಟ್ಟರು. ತಿಂದು ಮುಗಿಸಿ, ಕೈ ಒರೆಸಿಕೊಂಡು, ಸಮುದ್ರ ನೋಡುತ್ತ ಮಾತು ತೆಗೆದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಾನೂ ಕಾದಿದ್ದೆ.

"ನೀವು ಯಾಕೆ ಬಂದ್ರಿ ಅಂತ ನನಗೆ ಗೊತ್ತು ರೀ. ನಾನೂ ಅದಕ್ಕೇ ಬಂದೆ, ನಿಮ್ಮನ್ನ ಒಂದು ಮಾತು ಕೇಳೋಣ ಅಂತ. ನಮ್ಮನೆಯವರು ಕಳಿಸಿಬಿಡು ಅಂತಾರೆ. ಮಗಳು ಹೋಗಲ್ಲ ಅಂತಾಳೆ. ಯಾಕೆ ಅಂದ್ರೆ ಗೋಡೆ ನೋಡ್ತಾಳೆ. ಕೈ ಮಾಡಿದ್ನಾ ಅಂತ ನಾನೇ ಕೇಳ್ದೆ. ಹೇಳಿದ್ರೆ ನಂಬಲ್ಲ ಬಿಡಮ್ಮ ಅಂದ್ಲು, ಅಷ್ಟೇ."

ನಾನು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ.

"ನಂಬೋದಾದ್ರೂ ಹೇಗೆ ಹೇಳಿ. ನಮ್ಮನೆಗೆ ಬಂದ್ರೆ ನನ್ನ ಕೈಲಿರೋ ಚೀಲ ಇಸ್ಕೊಂಡು ತಾನೇ ಹೊರೋ ಹುಡುಗ. ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ನೀವು ಒಬ್ಬರೇ ಮೆಷಿನ್ ತುಳಿದು ಅವನನ್ನ ಸಾಕಿದವರು. ಅವನ ಒಳಗು ಹೊರಗು ನಿಮಗೆ ಗೊತ್ತಿರೋಷ್ಟು ಬೇರೆ ಯಾರಿಗೆ ಗೊತ್ತು? 'ನನ್ನ ಮಗ ಕೈ ಎತ್ತೋನಲ್ಲ' ಅಂತ ನೀವು ಒಂದು ಮಾತು ಹೇಳಿ, ಸಾಕು. ಹದಿನಾರಕ್ಕೆ ಯಾರೂ ಕೂರೋದೇ ಬೇಡ. ನಾನೇ ಅವಳನ್ನ ಕರ್ಕೊಂಡು ಬಂದು ನಿಮ್ಮನೆ ಬಾಗಿಲಲ್ಲಿ ಬಿಟ್ಟು ಹೋಗ್ತೀನಿ."

ನಾನು ಬಂದದ್ದೇ ಇದಕ್ಕೆ. ಬಾಯಿಗೇ ಬಂದು ಬಿದ್ದಿತ್ತು. ನಾಲ್ಕು ಪದಗಳ ಮಾತು, ಹೇಳಿದ್ದರೆ ಮುಗಿದಿತ್ತು.

"ಪ್ರಾಣಿ ಎದ್ದ ಹಾಗಿದೆ ನೋಡಿ" ಅಂದೆ.

ಎದ್ದಿರಲಿಲ್ಲ, ಮಗ್ಗುಲು ಬದಲಿಸಿತ್ತು ಅಷ್ಟೇ. ಅವರು ಮತ್ತೆ ಕೇಳಲಿಲ್ಲ. ನಾಳೆ ಹೇಳುತ್ತೇನೆ. ನಡೆದು ದಣಿದಿದ್ದೆ, ಇಂಥ ಮಾತನ್ನು ದಣಿದಾಗ ಆಡಬಾರದು.

ಮಾರ್ಚ್ 10, ಸೋಮವಾರ

ಇವತ್ತು ಜ್ವಾಲಾಮುಖಿಯ ಬಾಯಿಯವರೆಗೆ ಹತ್ತಿದೆವು. ಒಳಗೆ ಬೆಂಕಿ ಕಾಣುವುದಿಲ್ಲ, ಬಂಡೆಯ ಸಂದಿಯಿಂದ ಹೊಗೆ ಏಳುತ್ತದೆ ಅಷ್ಟೇ. ಮುಟ್ಟಿ ನೋಡಿದರೆ ನೆಲ ಬೆಚ್ಚಗಿತ್ತು.

ಇಳಿಯುವಾಗ ದಾರಿಯೆಲ್ಲ ಕಪ್ಪು ಪುಡಿಗಲ್ಲು. ಕಾಲಿಟ್ಟರೆ ನೆಲವೇ ಜಾರುತ್ತದೆ. ತಿರುವಿನಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಎಡಗಡೆ ಇಳಿಜಾರು, ಅದರ ಕೆಳಗೆ ಏನೂ ಇಲ್ಲ. ಹೋದೆ ಅಂದುಕೊಂಡೆ. ಹಿಂದಿನಿಂದ ಬೀಗಿತ್ತಿ ನನ್ನ ಬಲತೋಳು ಹಿಡಿದರು. ಪರ್ ಎಂದು ಸದ್ದಾಯಿತು. ಪ್ರಾಣ ಹೋಗುವ ಹೊತ್ತಿನಲ್ಲೂ ಟೈಲರಿಗೆ ಆ ಸದ್ದು ಕೇಳುತ್ತದೆ. ಹೆಗಲು ಬಿಚ್ಚಿತು, ಆದರೆ ಅವರು ಕೈ ಬಿಡಲಿಲ್ಲ. ನಾನು ಅಲ್ಲೇ ಕುಸಿದು ಕೂತೆ, ಅವರೂ ನನ್ನ ಪಕ್ಕ ಕೂತರು. ಸೀಟಿಯಮ್ಮ ಓಡಿ ಬಂದಳು. ಕೆಳಗಿಳಿಯುವವರೆಗೂ ಬೀಗಿತ್ತಿ ನನ್ನ ತೋಳು ಬಿಡಲೇ ಇಲ್ಲ.

"ನಿಮ್ಮ ಜಾಕೆಟ್ ಹರಿದುಹಾಕ್ದೆ" ಅಂದರು. ನನ್ನ ಜೀವ ಉಳಿಸಿ, ಜಾಕೆಟ್ಟಿಗೆ ಕ್ಷಮೆ ಕೇಳಿದರು.

ಸಂಜೆ, ಊಟದ ಗಂಟೆಗೆ ಮುಂಚೆ, ಸೂಜಿ ದಾರ ಹಿಡಿದು ಕೂತೆ. ನೀಲಿ ಜಾಕೆಟ್ಟಿನ ಒಳಮೈ ಹೊರಗೆ ಮಾಡಿದೆ. ಇಲ್ಲಿಂದ ಮುಂದೆ ಸರಿಯಾಗಿ ಬರೆಯಬೇಕು.

ಬಾಗಿಲಿಗೆ ಸಿಕ್ಕಿದರೆ ಬಟ್ಟೆ ಹರಿಯುತ್ತದೆ, ಹೊಲಿಗೆ ಉಳಿಯುತ್ತದೆ. ಅದೂ ಅಂಚಿನಲ್ಲೋ ಕೈತುದಿಯಲ್ಲೋ ಹರಿಯುತ್ತದೆ. ಮುಂದೆ ಹೋಗುತ್ತಿರುವವರನ್ನು ಹಿಂದಿನಿಂದ ತೋಳು ಹಿಡಿದು ಎಳೆದರೆ ಬಟ್ಟೆ ಉಳಿಯುತ್ತದೆ, ಹೆಗಲಿನ ಹೊಲಿಗೆ ಬೆನ್ನಿನ ಕಡೆಯಿಂದ ಬಿಚ್ಚಿಕೊಳ್ಳುತ್ತದೆ. ನೀಲಿಯದು ನಾಲ್ಕು ಬೆರಳು ಬಿಚ್ಚಿದೆ.

ಈ ಪುಸ್ತಕದ ಮುಂದಿನ ಪುಟಗಳನ್ನು ತಿರುಗಿಸಿದೆ. ಹೋದ ವರ್ಷದ ನನ್ನ ಬರಹ ಅಲ್ಲೇ ಇದೆ: "ಸೊಸೆ. ಹಳದಿ ಜಾಕೆಟ್. ಬಲ ಹೆಗಲು, ಬೆನ್ನಿನ ಕಡೆ, ನಾಲ್ಕು ಬೆರಳು. ಕಾರಿನ ಬಾಗಿಲು."

ಹರಿದದ್ದಕ್ಕೆ ಕಾರಣ ಬರೆದುಕೊಳ್ಳುವ ಅಭ್ಯಾಸ ನನಗಿಲ್ಲ. ಪುಸ್ತಕವೆಲ್ಲ ಹುಡುಕಿದೆ, ಇನ್ಯಾರ ಬಟ್ಟೆಗೂ ಬರೆದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದೇನೆ.

ಸೂಜಿಗೆ ದಾರ ಪೋಣಿಸಿದ್ದು ಹಾಗೇ ಇದೆ. ಹೊಲಿಯಲಿಲ್ಲ.

ಮಾರ್ಚ್ 11, ಮಂಗಳವಾರ

ಬಿರುಗಾಳಿ. ಯಾರೂ ಇಳಿಯಲಿಲ್ಲ.

ಬೆಳಿಗ್ಗೆಯಿಂದ ಒಂದೇ ವಾದ. ಬೀಗಿತ್ತಿ ನನ್ನನ್ನು ಹಿಡಿದ ಹಾಗೆ ಅವನೂ ಅವಳು ಬೀಳುವಾಗ ಹಿಡಿದಿರಬಹುದಲ್ಲ. ಹರಿದ ಗುರುತು ಎರಡಕ್ಕೂ ಒಂದೇ. ಮಧ್ಯಾಹ್ನದವರೆಗೂ ಆ ಎಳೆ ಹಿಡಿದುಕೊಂಡು ನೇತಾಡಿದೆ. ಆದರೆ ಅವನು ನನಗೆ ಒಂದು ಲೋಟ ನೀರು ಕೊಟ್ಟರೂ ನಾಲ್ಕು ಜನಕ್ಕೆ ಹೇಳುವವನು. ಬೀಳುವ ಹೆಂಡತಿಯನ್ನು ಹಿಡಿದು ನಿಲ್ಲಿಸಿದ್ದರೆ ಊರಿಗೆಲ್ಲ ಹೇಳುತ್ತಿದ್ದ. ಕಾರಿನ ಬಾಗಿಲು ಅನ್ನುತ್ತಿರಲಿಲ್ಲ, ಅವಳು ಅಂಗಡಿಗೆ ಬರುವ ಮುಂಚೆ ಫೋನ್ ಮಾಡುತ್ತಿರಲಿಲ್ಲ.

ಅವಳು ಬಂದ ದಿನ ನೆನಪಾಗುತ್ತಿದೆ. ಜಾಕೆಟ್ಟನ್ನು ಮೆಷಿನ್ ಮೇಲೆ ಇಟ್ಟು, ಹೇಗೆ ಹರಿಯಿತೆಂದು ಅವಳು ಹೇಳಲೇ ಇಲ್ಲ. "ನೀವು ನೋಡಿದ್ರೆ ನಿಮಗೇ ಗೊತ್ತಾಗುತ್ತೆ ಅತ್ತೆ" ಅಂದಳು. ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಒಳಮೈ ತಿರುಗಿಸಿದೆ, ನೋಡಿದೆ. ಒಳಗಿನಿಂದ ಪಟ್ಟಿ ಕೊಟ್ಟು ಎರಡು ಸಾಲು ಹೊಲಿಗೆ ಹಾಕಿದೆ, ಇಸ್ತ್ರಿ ಮಾಡಿದೆ. "ಹೊಸದರ ಹಾಗಾಯ್ತು ನೋಡು" ಅಂದೆ. ಅವಳು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದಳು. ಆಮೇಲೆ ಅಂಗಡಿಗೆ ಬರಲಿಲ್ಲ.

ಮೂರು ಅಂಗಡಿ ದಾಟಿ ಎರಡು ಬಸ್ಸು ಹಿಡಿದು ಬಂದದ್ದು ಹೊಲಿಗೆಗಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ನಗುತ್ತಾರೆ. ನನ್ನ ಮೆಷಿನ್ನಿನ ಕೆಳಗೆ, ಬಟ್ಟೆ ಚೂರುಗಳ ಮೇಲೆ ಮಲಗಿ ಬೆಳೆದ ಮಗು ಅವನು. ಪೆಡಲ್ ನಿಂತರೆ ಎಚ್ಚರವಾಗುತ್ತಿದ್ದ. ಅವನ ಮೇಲಿನ ಪ್ರೀತಿ ಒಂದು ಎಳೆಯೂ ಕಡಿಮೆಯಾಗಿಲ್ಲ. ಕಡಿಮೆಯಾಗಿದ್ದರೆ ಸುಲಭವಾಗುತ್ತಿತ್ತು.

ಮಾರ್ಚ್ 12, ಬುಧವಾರ

ಹೇಳಿದೆ.

ಮಧ್ಯಾಹ್ನ ಬೀಗಿತ್ತಿಯ ಹತ್ತಿರ ಹಳದಿ ಜಾಕೆಟ್ ಕೇಳಿ ಇಸಿದುಕೊಂಡೆ. ಹೊಲಿಗೆ ನೋಡುತ್ತೇನೆ ಅಂದದ್ದಕ್ಕೆ ಕೊಟ್ಟರು. ಕಿಟಕಿಯ ಬೆಳಕಿಗೆ ಕೂತು ಸಣ್ಣ ಕತ್ತರಿಯಿಂದ ನನ್ನದೇ ಹೊಲಿಗೆಯನ್ನು ಬಿಚ್ಚತೊಡಗಿದೆ. ನಾನು ಹಾಕಿದ ಹೊಲಿಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಅರ್ಧ ಗಂಟೆ ಹಿಡಿಯಿತು.

"ಚೆನ್ನಾಗೇ ಇತ್ತಲ್ಲ, ಯಾಕೆ ಬಿಚ್ತಿದ್ದೀರಿ?" ಅಂದರು.

ಎರಡೂ ಜಾಕೆಟ್ಟುಗಳನ್ನು ಒಳಮೈ ಹೊರಗೆ ಮಾಡಿ ಹಾಸಿಗೆಯ ಮೇಲೆ ಪಕ್ಕಪಕ್ಕ ಹಾಸಿದೆ. "ಈ ನೀಲಿ ಮೊನ್ನೆ ನೀವು ನನ್ನ ತೋಳು ಹಿಡಿದಾಗ ಹರಿದದ್ದು. ಈ ಹಳದಿ ಹೋದ ವರ್ಷ ನಿಮ್ಮ ಮಗಳು ಹಾಕ್ಕೊಂಡಿದ್ದಾಗ ಹರಿದದ್ದು. ಕಾರಿನ ಬಾಗಿಲು ಅಂತ ಅವನು ಹೇಳ್ದ. ಬಾಗಿಲಿಗೆ ಸಿಕ್ಕಿದ್ರೆ ಹೀಗೆ ಹರಿಯಲ್ಲ. ಅವಳು ಬಿಟ್ಟು ಹೋಗ್ತಿದ್ಲು, ಅವನು ಹಿಂದಿನಿಂದ ಎಳೆದಿದ್ದಾನೆ" ಅಂದೆ.

ಅವರು ಬೆರಳಿಟ್ಟು ನೋಡಿದರು. ಮೊದಲು ನೀಲಿಯ ಮೇಲೆ, ಆಮೇಲೆ ಹಳದಿಯ ಮೇಲೆ, ಮತ್ತೆ ನೀಲಿಯ ಮೇಲೆ.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

ಮೊನ್ನೆ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಅವತ್ತೇ ಗೊತ್ತಿತ್ತು ಅಕ್ಕ. ಹೊಲಿಯೋವಾಗಲೇ. ಅವಳು ನನಗೆ ತೋರಿಸೋಕೇ ತಂದಿದ್ಲು. ನಾನು ನೋಡಿ, ಮುಚ್ಚಿ ಹೊಲಿದು ಕೊಟ್ಟೆ. ಅವಳನ್ನ ಕಳಿಸಬೇಡಿ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಳದಿ ಜಾಕೆಟ್ಟನ್ನು ಎದೆಗೆ ಅವುಚಿಕೊಂಡು ಅತ್ತರು, ನಾನೂ ಅತ್ತೆ, ಆದರೆ ನಾನು ಯಾವ ಮುಖ ಇಟ್ಟುಕೊಂಡು ಅವರ ಹತ್ತಿರ ಹೋಗಲಿ. ಸ್ವಲ್ಪ ಹೊತ್ತಿನ ಮೇಲೆ, ಮತ್ತೆ ಹೊಲಿದು ಕೊಡಲೇ ಎಂದು ಕೇಳಿದೆ. "ಬೇಡ. ಹೀಗೇ ಇರಲಿ" ಅಂದರು. ಹರಿದದ್ದನ್ನೇ ಹಾಕಿಕೊಂಡು ಡೆಕ್ಕಿಗೆ ಹೋದರು. ಊಟಕ್ಕೂ ಬರಲಿಲ್ಲ, ನನ್ನ ಜೊತೆ ಮತ್ತೆ ಮಾತೂ ಆಡಲಿಲ್ಲ. ನೀಲಿಯದನ್ನು ನಾನೂ ಹೊಲಿಯದೆ ಇಟ್ಟಿದ್ದೇನೆ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ದಡ ಸೇರಿದೆವು. ಇಳಿಯುವಾಗ ಸೀಟಿಯಮ್ಮ ಒಬ್ಬೊಬ್ಬರ ಕೈ ಹಿಡಿದು ಬೀಳ್ಕೊಟ್ಟಳು. ನಮ್ಮಿಬ್ಬರ ಹೆಗಲು ನೋಡಿದಳು. ಅಕ್ಕ ನನಗಿಂತ ಮುಂಚೆ ಇಳಿದು ತಿರುಗಿ ನೋಡದೆ ಬಸ್ ನಿಲ್ದಾಣದ ಕಡೆ ಹೋದರು.

ಮಗ ಕಾರಿಗೆ ಒರಗಿ ನಿಂತಿದ್ದ. ನನ್ನ ಪೆಟ್ಟಿಗೆ ಇಸಿದುಕೊಂಡು, "ಏನಂದ್ರು ಅತ್ತೆ? ಒಪ್ಪಿದ್ರಾ?" ಅಂದ. ಆಮೇಲೆ ಹೆಗಲು ನೋಡಿದ. "ನನ್ನ ಜಾಕೆಟ್ ಏನ್ ಮಾಡ್ಕೊಂಡೆ?"

"ಬೀಳ್ತಿದ್ದೆ. ನಿಮ್ಮತ್ತೆ ಹಿಡ್ಕೊಂಡ್ರು."

"ಸದ್ಯ. ಮನೆಗೆ ಹೋದ್ಮೇಲೆ ಹೊಲ್ಕೋ ಬಿಡು."

"ಅವಳ ಜಾಕೆಟ್ ಯಾವ ಬಾಗಿಲಿಗೆ ಸಿಕ್ಕಿತ್ತೋ?"

ಒಂದು ವರ್ಷದ ಹಿಂದೆ ಕೇಳಬೇಕಿದ್ದ ಪ್ರಶ್ನೆ. ಅವನು ಕಾರಿನ ಕಡೆ ನೋಡಿದ, ಬಾಗಿಲುಗಳನ್ನು ಈಗಷ್ಟೇ ನೋಡುತ್ತಿರುವವನ ಹಾಗೆ. "ಹಿಂದಿನದು ಅನ್ಸುತ್ತೆ. ಯಾಕೆ ಈಗ ಅದು?"

"ಯಾವಾಗಲೂ ಮುಂದೆ ಕೂರೋಳು ಹಿಂದಿನ ಬಾಗಿಲಿಗೆ ಹೇಗೆ ಸಿಕ್ಕಿದ್ಲು?"

ಅವನ ಮುಖ ಕೆಂಪಾಯಿತು, ಆಮೇಲೆ ಚಿಕ್ಕವನಿದ್ದಾಗ ಅಳುವ ಮೊದಲು ಆಗುತ್ತಿದ್ದ ಹಾಗೆ ತುಟಿ ನಡುಗಿತು. ನನಗೆ ಕಾರಿನಲ್ಲಿ ಕೂತುಬಿಡೋಣ ಅನ್ನಿಸಿತು, ತಲೆ ಸವರೋಣ ಅನ್ನಿಸಿತು. ಅವನ ಕೈಯಿಂದ ಪೆಟ್ಟಿಗೆ ವಾಪಸ್ ತೆಗೆದುಕೊಂಡೆ.

"ಹದಿನಾರಕ್ಕೆ ನಾನೂ ಬರ್ತೀನಿ. ಅವಳ ಪಕ್ಕ ಕೂತ್ಕೊಳ್ತೀನಿ. ನೀನು ಏನ್ ಮಾಡಿದೆ ಅಂತ ನೀನೇ ಹೇಳಿದ್ರೆ ಒಳ್ಳೇದು, ಇಲ್ಲಾಂದ್ರೆ ನಾನು ಹೇಳ್ತೀನಿ" ಅಂದೆ. ಹೊರಟವಳು ತಿರುಗಿ, ತಿಂಡಿ ತಿಂದೆಯಾ ಎಂದೂ ಕೇಳಿದೆ.

ಬಸ್ಸು ಹೊರಡುವುದರಲ್ಲಿತ್ತು. ಎಲ್ಲ ಸೀಟೂ ತುಂಬಿದ್ದವು. ನಡುವಿನ ಸಾಲಿನಲ್ಲಿ ಅಕ್ಕ ಹೊರಬದಿಗೆ ಕೂತಿದ್ದರು. ಕಿಟಕಿಯ ಪಕ್ಕದ ಸೀಟಿನ ಮೇಲೆ ಹಳದಿ ಜಾಕೆಟ್ ಇತ್ತು. ನಾನು ಕಂಬ ಹಿಡಿದು ನಿಂತುಕೊಂಡೆ. ಅವರು ನನ್ನನ್ನು ನೋಡಲಿಲ್ಲ. ಜಾಕೆಟ್ಟನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ನಾನು ಒಳಗೆ ಹೋಗಲೆಂದು ಮೊಣಕಾಲು ಸರಿಸಿದರು.

ಕೂತ ಮೇಲೆ ಟಿಕೆಟ್ಟಿಗೆಂದು ಚೀಲಕ್ಕೆ ಕೈ ಹಾಕಿದೆ.

"ಎರಡು ತಗೊಂಡಿದ್ದೀನಿ" ಅಂದರು. "ಒಂದು ವೇಸ್ಟ್ ಆಗುತ್ತೇನೋ ಅಂದ್ಕೊಂಡಿದ್ದೆ."